ಓದುವವರೊಬ್ಬರು, ಕೇಳುವವರು ಹಲವರು

'ಓದು' ಎಂದೊಡನೆ ಇಂದಿನವರ ಕಣ್ಣೆದುರು ನಿಲ್ಲುವ ಚಿತ್ರ ಒಂದೇ ಬಗೆಯದು: ಆರಾಮಕುರ್ಚಿಗೆ ಒರಗಿದ ಮನುಷ್ಯ, ಕೈಯಲ್ಲೊಂದು ಪುಸ್ತಕ, ಮುಚ್ಚಿದ ತುಟಿಗಳು, ಗದ್ದಲ ಮಾಡುವ ಮಕ್ಕಳತ್ತ ತಿರುಗುವ ಹುಬ್ಬುಗಂಟು. ಆದರೆ ಈ ಮೌನವಾಚನವು ಕನ್ನಡಿಗರ ಮನೆಗೆ ತೀರ ಈಚೆಗೆ ಬಂದ ನೆಂಟ. ಅದಕ್ಕೂ ಮೊದಲು ಓದುವುದೆಂದರೆ ದನಿಯೆತ್ತಿ ಓದುವುದು. ಒಬ್ಬರು ಓದುವುದು, ಹತ್ತು ಜನ ಕೇಳುವುದು. ಪಡಸಾಲೆಯಲ್ಲಿ ಜೈಮಿನಿ ಭಾರತ, ಮಠದ ಅಂಗಳದಲ್ಲಿ ಬಸವಪುರಾಣ, ಶ್ರಾವಣದ ರಾತ್ರಿಗಳಲ್ಲಿ ಕುಮಾರವ್ಯಾಸ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತೇ ಕುಮಾರವ್ಯಾಸನು ತನ್ನ ಭಾರತವನ್ನು ರಚಿಸಿದನೆಂಬುದು ನಾಡಿನ ನಂಬಿಕೆ. ಅದನ್ನು ಕೇಳಿ ಬಾಯಿಪಾಠ ಮಾಡಿಕೊಂಡವರಲ್ಲಿ ಅಕ್ಷರ ಬಲ್ಲವರಿಗಿಂತ ಅರಿಯದವರೇ ಹೆಚ್ಚು. ಶಾಸ್ತ್ರೋಕ್ತವಾಗಿ ಓದದಿದ್ದರೂ ಕಾವ್ಯದ ಮರ್ಮವನ್ನು ಬಲ್ಲವರೆಂದು 9ನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನವರನ್ನು ಹೊಗಳಿದ್ದು ಸುಮ್ಮನಲ್ಲ.

ಕಾವ್ಯ, ಪುರಾಣಗಳ ಮಾತು ಸರಿ. ಅಲ್ಲಿ ರಾಗವಿದೆ, ಕಥೆಯಿದೆ, ಯುದ್ಧವಿದೆ. ರಾಜಕೀಯ ವಿಚಾರದ ಗದ್ಯವನ್ನು, ಸಮಾಜವನ್ನು ತಿದ್ದಹೊರಟ ಪ್ರಬಂಧವನ್ನು ಹೀಗೆ ಓದಿ ಕೇಳಿಸಲು ಬಂದೀತೇ? ಬಂದೀತು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. 1881ರಲ್ಲಿ ಆರಂಭವಾದ ತಿಲಕರ 'ಕೇಸರಿ'ಯನ್ನು ಹಳ್ಳಿಗಳಲ್ಲಿ ಒಬ್ಬರು ಓದಿದರೆ ಊರೇ ಕೇಳುತ್ತಿತ್ತು. ದೂರದ ಕ್ಯೂಬಾ ದ್ವೀಪದಲ್ಲಿ, 1865ರಲ್ಲಿ, ಹವಾನಾ ನಗರದ ಚುಟ್ಟಾ ಕಾರ್ಖಾನೆಯ ಕೆಲಸಗಾರರು ತಮ್ಮ ಕೂಲಿಯಿಂದಲೇ ವಂತಿಗೆ ಹಾಕಿ, ತಾವು ಎಲೆ ಸುತ್ತುವಾಗ ಪತ್ರಿಕೆ ಪುಸ್ತಕಗಳನ್ನು ಓದಿ ಹೇಳುವ ಓದುಗನನ್ನು ಇಟ್ಟುಕೊಂಡರು. ಮರುವರ್ಷವೇ ಅಲ್ಲಿಯ ಸರಕಾರ ಅದನ್ನು ನಿಷೇಧಿಸಿತು. ಕೆಲಸ ನಿಲ್ಲುತ್ತದೆಂದು ಹೆದರಿ ಅಲ್ಲ, ಕೈಗಳು ದುಡಿಯುತ್ತಲೇ ಇದ್ದವು. ತಲೆಗಳೂ ದುಡಿಯತೊಡಗಿದುವೆಂದು ಹೆದರಿ. ಕಾಸರಗೋಡಿನ ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರಲ್ಲಿಯೂ ಇದೇ ಪದ್ಧತಿ ಬಹುಕಾಲ ನಡೆದಿತ್ತು. ಓದುವವನ ಪಾಲಿನ ಬೀಡಿಗಳನ್ನು ಉಳಿದವರು ಕಟ್ಟಿಕೊಡುತ್ತಿದ್ದರು.

ಈ ಹಳೆಯ ಪದ್ಧತಿಯನ್ನು ಈ ಕಾಲದಲ್ಲಿ ಮತ್ತೆ ಹಿಡಿದವರೊಬ್ಬರು ಗದಗ ಜಿಲ್ಲೆ ರೋಣ ತಾಲೂಕಿನ ಮೆಣಸಗಿಯಲ್ಲಿದ್ದಾರೆ. ಅವರು ನಿವೃತ್ತ ಶಾಲಾಮಾಸ್ತರರು. ಊರಿನವರಿಗೆ ಅವರು 'ಮಾಸ್ತರ' ಅಷ್ಟೇ. ಹೆಸರು ಹಿಡಿದು ಕರೆಯುವ ವಯಸ್ಸಿನವರು ಈಗ ಉಳಿದಿಲ್ಲ. ಕರಿಮಣ್ಣಿನ ಸೀಮೆ, ಜೋಳ, ಕಡಲೆ, ಹತ್ತಿ ಬೆಳೆಯುವ ನೆಲ, 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ಮಹಾಪೂರವನ್ನು ಕಂಡ ಭಾಗ. ಇಲ್ಲಿ ಹಿಂಗಾರಿ ಸುಗ್ಗಿ ಮುಗಿದ ಮೇಲೆ ಮುಂಗಾರಿ ಬಿತ್ತಿಗೆಯವರೆಗೆ ಸಂಜೆಗಳು ಖಾಲಿ. ಆ ಸಂಜೆಗಳಲ್ಲಿ ಮಾಸ್ತರರು ಗುಡಿಯ ಮುಂದಿನ ಕಟ್ಟೆಯ ಮೇಲೆ ಕನ್ನಡಕ ಏರಿಸಿ ಓದತೊಡಗಿದರು. ಮೊದಲ ದಿನ ಕೇಳಲು ಬಂದವರು ನಾಲ್ವರು. ಅವರಲ್ಲಿ ಒಬ್ಬರು ಕಟ್ಟೆಯ ಮೇಲೆ ಮೊದಲೇ ಮಲಗಿದ್ದವರು.

ಆರಂಭಕ್ಕೆ ಅವರು ಆರಿಸಿಕೊಂಡುದು ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'. ಅದಕ್ಕೆ ಕಾರಣವಿತ್ತು. ವೆಂಕಟರಾಯರು 1880ರಲ್ಲಿ ವಿಜಾಪುರದಲ್ಲಿ ಹುಟ್ಟಿದವರಾದರೂ ಅವರ ಮನೆತನದ ಊರು ಇದೇ ರೋಣ ತಾಲೂಕಿನ ಹೊಳೆಆಲೂರು. 1917ರಲ್ಲಿ ಆ ಪುಸ್ತಕ ಹೊರಬಂದಾಗ ಕನ್ನಡಿಗರು ಮುಂಬಯಿ, ಮದರಾಸು ಪ್ರಾಂತಗಳಲ್ಲಿ, ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ನಿಮ್ಮ ಹಿರಿಯರು ಯಾರೆಂಬುದನ್ನು ಬಲ್ಲಿರಾ ಎಂದು ಕೇಳಿ ಎಬ್ಬಿಸುವುದೇ ಪುಸ್ತಕದ ಉದ್ದೇಶ. ಅದು ಎದುರಿಗೆ ಸಭೆಯಿದೆಯೆಂದು ಭಾವಿಸಿ ಬರೆದ ಗದ್ಯ. ಮೌನವಾಗಿ ಓದುವವನಿಗೆ ಅದರ ಉದ್ಗಾರಗಳು ಅತಿಯೆನಿಸಬಹುದು. ದನಿಯಲ್ಲಿ ಅವು ತಮ್ಮ ಜಾಗದಲ್ಲಿ ಕುಳಿತುಕೊಳ್ಳುತ್ತವೆ. ಚಾಲುಕ್ಯರ ಪ್ರಸ್ತಾಪ ಬಂದಾಗ ಮುದುಕರೊಬ್ಬರು, "ನಮ್ಮ ಹೊಳೀನ ಮುಂದ ಬಾದಾಮಿ ಸೀಮಿಗೆ ಹೋಗಿ ಪಟ್ಟದಕಲ್ಲ ಮುಟ್ಟತೈತಲ್ರಿ ಮಾಸ್ತರ, ಅಂದಮ್ಯಾಲೆ ಅವರು ನಮ್ಮ ನೀರ ಕುಡದವರ" ಎಂದರು. ಚರಿತ್ರೆಯ ಅಧ್ಯಾಪಕರು ಒಂದು ತಾಸು ಹೇಳುವುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಹಳೆಯ ಗದ್ಯವನ್ನು ಹೊಸ ಕಿವಿಗಳಿಗೆ ಓದುವುದು ಸುಲಭದ ಕೆಲಸವಲ್ಲವೆಂಬುದು ಮಾಸ್ತರರಿಗೆ ಬೇಗನೆ ತಿಳಿಯಿತು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಐದು ಸಾಲಿನ ವಾಕ್ಯವಾದರೆ ಕೇಳುವವನು ಐದು ಸಾಲಿನ ಭಾರವನ್ನು ಹೊತ್ತು, ಆ ಕ್ರಿಯಾಪದಕ್ಕಾಗಿ ಕಾಯಬೇಕು. ಕಣ್ಣು ಹಿಂದಕ್ಕೆ ಹೋಗಿ ನೋಡಬಲ್ಲುದು, ಕಿವಿಗೆ ಆ ಅನುಕೂಲವಿಲ್ಲ. ಆದುದರಿಂದ ಅವರು ಹಿಂದಿನ ರಾತ್ರಿಯೇ ಪಾಠ ನೋಡಿಕೊಂಡು, ಎಲ್ಲೆಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದಿಡುತ್ತಾರೆ. ಗಡಿಯಾರ ಇಟ್ಟು ನೋಡಿ, ಪುಟಕ್ಕೆ ಮೂರು ನಿಮಿಷದಂತೆ ಹತ್ತು ಪುಟವೇ ಒಂದು ಸಂಜೆಯ ಪ್ರಮಾಣವೆಂದು ಗೊತ್ತುಮಾಡಿಕೊಂಡಿದ್ದಾರೆ. ಅದಕ್ಕೂ ಹೆಚ್ಚಾದರೆ ಆಕಳಿಕೆ ಆರಂಭವಾಗುತ್ತದೆ. ಒಬ್ಬರು ಆಕಳಿಸಿದರೆ ಅದು ಕಟ್ಟೆಯುದ್ದಕ್ಕೂ ಹರಿದುಹೋಗುತ್ತದೆ.

ಇನ್ನೊಂದು ನಿಯಮವನ್ನೂ ಅವರು ಹಾಕಿಕೊಂಡರು: ಬರೆದವನ ಮಾತನ್ನು ಬದಲಿಸಕೂಡದು. ಕಠಿಣ ಪದವಿದ್ದರೆ ಮೊದಲು ಇದ್ದಂತೆ ಓದಿ, ವಾಕ್ಯ ಮುಗಿದ ಮೇಲೆ ಅರ್ಥ ಹೇಳಬೇಕು. ಈ ಕಾಲಕ್ಕೆ ಒಗ್ಗದ ವಿಚಾರ ಬಂದರೂ ಹಾರಿಸಕೂಡದು. ಈ ನಿಯಮಕ್ಕೆ ಪರೀಕ್ಷೆ ಬಂದುದು ಗಾಂಧೀಜಿಯವರ 'ಹಿಂದ್ ಸ್ವರಾಜ್' ಓದುವಾಗ.

1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ 'ಕಿಲ್ಡೋನನ್ ಕ್ಯಾಸಲ್' ಎಂಬ ಹಡಗಿನಲ್ಲಿ ಗಾಂಧೀಜಿ ಅದನ್ನು ಗುಜರಾತಿಯಲ್ಲಿ ಹತ್ತೇ ದಿನಗಳಲ್ಲಿ ಬರೆದರು. ಬಲಗೈ ಸೋತಾಗ ಎಡಗೈಯಿಂದ ಬರೆದರು. ಮರುವರ್ಷ ಮುಂಬಯಿ ಸರಕಾರ ಅದನ್ನು ನಿಷೇಧಿಸಿತು. ವಾಚಕನೂ ಸಂಪಾದಕನೂ ಮಾತಾಡಿಕೊಳ್ಳುವ ರೀತಿಯ ಬರವಣಿಗೆಯಾದುದರಿಂದ ಅದನ್ನು ಓದಿ ಹೇಳುವುದು ಸುಲಭ. ಮಾಸ್ತರರು ವಾಚಕನ ಮಾತನ್ನು ಒಂದು ದನಿಯಲ್ಲಿ, ಸಂಪಾದಕನ ಮಾತನ್ನು ಇನ್ನೊಂದು ದನಿಯಲ್ಲಿ ಓದಿದರು. ರೈಲುಗಳೇ ಪ್ಲೇಗನ್ನು ಹರಡಿದುವು, ಕ್ಷಾಮವನ್ನು ಹೆಚ್ಚಿಸಿದುವು ಎಂಬ ಭಾಗ ಬಂದಿತು. ಹಿಂದಿನಿಂದ ದನಿಯೊಂದು ಎದ್ದಿತು: "ಆಲೂರ ಟೇಶನ್ ಇಲ್ಲಂದ್ರ ನಾವು ದವಾಖಾನಿಗೆ ಹೆಂಗ ಹೋಗೂದ್ರಿ?" ವೈದ್ಯರನ್ನೂ ಬೇಡವೆಂದಿದ್ದಾರೆಂಬುದನ್ನು ಮಾಸ್ತರರು ಮರುದಿನಕ್ಕೆ ಉಳಿಸಿದರು. ನಗೆ ಅಡಗಿದ ಮೇಲೆ ವಾದ ನಡೆಯಿತು. ಕೋರ್ಟಿನ ವಿಚಾರದಲ್ಲಿ ಮಾತ್ರ ಎಲ್ಲರೂ ಗಾಂಧೀಜಿಯ ಕಡೆ. ಬದುವಿನ ವ್ಯಾಜ್ಯದಲ್ಲಿ ಹೊಲವನ್ನೇ ಕಳೆದುಕೊಂಡ ಮನೆತನಗಳನ್ನು ಕಾಣದವರು ಅಲ್ಲಿ ಯಾರೂ ಇರಲಿಲ್ಲ.

ಆದರೆ ಅದೇ ಪುಸ್ತಕದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಬಂಜೆಗೂ ವೇಶ್ಯೆಗೂ ಹೋಲಿಸಿದ ಮಾತಿದೆ. ಕಟ್ಟೆಯ ಒಂದು ಬದಿಗೆ ಹೆಂಗಸರು ಬಂದು ಕೂರಲು ತೊಡಗಿದ್ದರು. ಹಾರಿಸಿಬಿಡಲೇ ಎಂದು ಮಾಸ್ತರರ ಮನಸ್ಸು ಒಂದು ಕ್ಷಣ ತೂಗಾಡಿತು; ನಿಯಮ ನೆನೆದು ಓದಿದರು. ಅನಂತರ, ಎರಡನೆಯ ಪದವನ್ನು ಮಹಿಳೆಯೊಬ್ಬರ ಮಾತಿಗೆ ಮನ್ನಣೆಯಿತ್ತು ಗಾಂಧೀಜಿ ಹಿಂತೆಗೆದುಕೊಂಡರೆಂದೂ, ಉಳಿದ ಯಾವುದನ್ನೂ ಬದಲಿಸುವುದಿಲ್ಲವೆಂದು 1921ರಲ್ಲಿ ಬರೆದರೆಂದೂ ವಿವರಿಸಿದರು. ಆಗ ಅಜ್ಜಿಯೊಬ್ಬರು ಸೆರಗು ಸರಿಪಡಿಸಿಕೊಂಡು ಕೇಳಿದರು: "ಆ ಮಾತ ತಗದ್ರು, ಭಾಳ ಚಲೋ ಆತು. ಬಂಜಿ ಅನ್ನೂದನ್ನ ಯಾಕ ಬಿಟ್ರು ಮಾಸ್ತರ? ಮಕ್ಕಳ ಹಡೀಲಾರದಾಕಿ ಏನೂ ಕೆಲಸಕ್ಕ ಬರಾಂಗಿಲ್ಲೇನು?"

ಆ ಅಜ್ಜಿಗೆ ಮಕ್ಕಳಿಲ್ಲವೆಂಬುದು ಊರಿಗೆಲ್ಲ ಗೊತ್ತು. ಅಣ್ಣನ ಮಕ್ಕಳು ಮೂವರನ್ನು ಸಾಕಿ ದಡ ಸೇರಿಸಿದವರು ಅವರೇ ಎಂಬುದೂ ಗೊತ್ತು. ಮಾಸ್ತರರ ಬಳಿ ಉತ್ತರವಿರಲಿಲ್ಲ. ಪುಸ್ತಕವನ್ನು ಮುಚ್ಚಿ, "ಇವತ್ತ ಇಷ್ಟ ಸಾಕು" ಎಂದರು. ನೂರು ವರ್ಷಗಳಿಂದ ಎಷ್ಟೋ ಪಂಡಿತರು ಆ ಪುಟವನ್ನು ಕಣ್ಣಿನಲ್ಲೇ ದಾಟಿ ಹೋಗಿರಬೇಕು. ಮೌನವಾಗಿ ಓದುವವನಿಗೆ ತನ್ನ ನೋವಲ್ಲದ ಮಾತು ತಾಗದೆ ಹೋಗುವುದುಂಟು. ಹತ್ತು ಜನ ಕೂಡಿ ಕೇಳಿದಾಗ, ಯಾರಿಗೆ ತಾಗಬೇಕೋ ಅವರು ಅಲ್ಲಿಯೇ ಇರುತ್ತಾರೆ. ಗಾಂಧೀಜಿಯ ದೊಡ್ಡಸ್ತಿಕೆ ಅದರಿಂದ ಕುಂದಲಿಲ್ಲ. ಅಜ್ಜಿ ಮರುದಿನವೂ ಬಂದು ಮೊದಲಿನ ಜಾಗದಲ್ಲಿಯೇ ಕುಳಿತರು.

ಮತ್ತೊಂದು ಬೇಸಗೆಯಲ್ಲಿ ಅಮೆರಿಕದ ಥೋರೋನ ಸರದಿ ಬಂದಿತು. ಗುಲಾಮಗಿರಿಯನ್ನು ಬೆಂಬಲಿಸುವ, ಮೆಕ್ಸಿಕೋ ಮೇಲೆ ಯುದ್ಧ ಹೂಡಿದ ಸರಕಾರಕ್ಕೆ ತಲೆಗಂದಾಯ ಕೊಡಲಾರೆನೆಂದು ಹಟ ಹಿಡಿದು, 1846ರ ಜುಲೈಯಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದವನು ಆತ. ಯಾರೋ ಅವನ ಪರವಾಗಿ ಹಣ ಕಟ್ಟಿದ್ದರಿಂದ ಮರುದಿನವೇ ಬಿಡುಗಡೆಯಾಯಿತು. 1848ರಲ್ಲಿ ತನ್ನ ಊರಿನವರ ಮುಂದೆ ಅದನ್ನೇ ಉಪನ್ಯಾಸವಾಗಿ ಹೇಳಿ, 1849ರಲ್ಲಿ ಅಚ್ಚಿಗೆ ಕೊಟ್ಟ. ಲೋಕವೆಲ್ಲ ಕೊಂಡಾಡುವ ಆ ಪ್ರಬಂಧವೂ ಮೊದಲು ಕಿವಿಗಾಗಿಯೇ ಹುಟ್ಟಿತ್ತು. ಮಾಸ್ತರರು ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಲ್ಲಿಯೇ ಕನ್ನಡ ಮಾಡಿ ಹೇಳಿದರು. ಈ ಸೀಮೆಯವರಿಗೆ ಕರನಿರಾಕರಣೆಯ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾದುದಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರು ನಡೆದು ರೈತರು ಜೀವ ತೆತ್ತರು. ಆ ಕಾಲದಲ್ಲಿ ತರುಣರಾಗಿದ್ದವರೊಬ್ಬರು ಥೋರೋನ ಕಥೆಯನ್ನು ಕೊನೆಯವರೆಗೆ ಕೇಳಿ, "ಒಂದ ರಾತ್ರಿ ಒಳಗ ಕುಂತಿದ್ದಕ್ಕ ಇಷ್ಟ ಬರದಾನಲ್ರಿ! ನಮ್ಮವರು ಸತ್ತಿದ್ದನ್ನ ಯಾರ ಬರದಾರ?" ಎಂದರು. ಮಾತು ಹಾಸ್ಯವಾಗಿ ಆರಂಭವಾಯಿತು, ಹಾಸ್ಯವಾಗಿ ಮುಗಿಯಲಿಲ್ಲ. ಆ ರಾತ್ರಿ ಹತ್ತು ಗಂಟೆಯವರೆಗೆ ಅವರೇ ಹೇಳಿದರು, ಮಾಸ್ತರರು ಕೇಳಿದರು.

ಇಷ್ಟರಲ್ಲಿ ಕೇಳುವವರ ಸಂಖ್ಯೆ ಇಪ್ಪತ್ತೈದನ್ನು ದಾಟಿತ್ತು. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಅಜ್ಜನ ಓದನ್ನು ಮೊಬೈಲ್ ಫೋನಿನಲ್ಲಿ ಹಿಡಿದು, ಗೋವೆಯಲ್ಲಿ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಊರಿನ ಹುಡುಗರಿಗೆ ಕಳಿಸತೊಡಗಿದ. ರಾತ್ರಿ ರೊಟ್ಟಿ ಬಡಿಯುತ್ತ ಕೇಳುತ್ತೇವೆಂದು ಅವರು ಹೇಳಿಕಳಿಸಿದರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಕಾಲದ ಮುದುಕರಿಗೆ ಇದು ಹೊಸದೆನಿಸಲಿಲ್ಲ. ದನಿ ದೂರದಿಂದ ಬರುವುದನ್ನು ಅವರು ಕಂಡವರೇ. ಆದರೆ ಮಾಸ್ತರರಿಗೆ ಅದು ಪೂರ್ತಿ ಸಮಾಧಾನ ತರಲಿಲ್ಲ. ಪೆಟ್ಟಿಗೆಯೊಳಗಿನ ದನಿ ಹೇಳಬಲ್ಲುದು. ಅಜ್ಜಿಯ ಪ್ರಶ್ನೆ ಅದಕ್ಕೆ ಕೇಳಿಸದು.

ಅನಂತರ ಅವರು ಡಾಕ್ಟರ್ ಅಂಬೇಡ್ಕರರ 'ಜಾತಿ ವಿನಾಶ'ವನ್ನು ಎತ್ತಿಕೊಂಡರು. ಅದರ ಕಥೆ ಓದು-ಕೇಳುವಿಕೆಗೆ ನೇರವಾಗಿ ಸಂಬಂಧಿಸಿದ್ದು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು ತನ್ನ ವಾರ್ಷಿಕ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಭಾಷಣದ ಪ್ರತಿ ಮೊದಲೇ ಕೈಗೆ ಬಂದಾಗ ಅದರ ಕೆಲವು ಮಾತುಗಳಿಗೆ ಮಂಡಲದವರು ಅಂಜಿದರು, ಅಲ್ಪವಿರಾಮವನ್ನೂ ಬದಲಿಸೆನೆಂದು ಅಂಬೇಡ್ಕರರು ನಿಂತರು, ಸಮ್ಮೇಳನವೇ ರದ್ದಾಯಿತು. ಅವರು ಸ್ವಂತ ಖರ್ಚಿನಿಂದ 1,500 ಪ್ರತಿಗಳನ್ನು ಅಚ್ಚುಹಾಕಿಸಿದರು. ಎರಡು ತಿಂಗಳೊಳಗೆ ಅವು ಖರ್ಚಾದುವು. ಕೇಳಬೇಕಾದವರು ಕೇಳಲು ಒಪ್ಪದ ಭಾಷಣ ಹೀಗೆ ಪುಸ್ತಕವಾಯಿತು.

ಇದನ್ನೆಲ್ಲ ಮಾಸ್ತರರು ಪೀಠಿಕೆಯಾಗಿ ಹೇಳಿ ಪುಟ ತೆರೆಯುವಷ್ಟರಲ್ಲಿ, ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಬೇವಿನ ಮರದ ಬುಡದಲ್ಲಿ ನಿಂತಿದ್ದ ತರುಣನೊಬ್ಬ ಕೇಳಿದ: "ಮಾಸ್ತರ, ಆ ಭಾಷಣ ಹೇಳಾಕ ಬಿಡಲಿಲ್ಲಂತ ಅಂದ್ರಿ. ಇಲ್ಲಿ ಕೇಳಾಕ ನಾವು ಎಲ್ಲಿ ಕುಂದರಬೇಕ್ರಿ?"

ಯಾರೂ ಅವರಿಗೆ ದೂರ ನಿಲ್ಲಿರೆಂದು ಹೇಳಿರಲಿಲ್ಲ. ಯಾರೂ ಹತ್ತಿರ ಬನ್ನಿರೆಂದೂ ಹೇಳಿರಲಿಲ್ಲ. ಮೂರು ಬೇಸಗೆಗಳಿಂದ ಐದಾರು ಜನ ಬೇವಿನ ಮರದ ಬುಡದಲ್ಲಿ ನಿಂತೇ ಕೇಳುತ್ತಿದ್ದರು. ರೂಢಿಯು ಬೇಲಿಯಿಲ್ಲದೆಯೂ ಗಡಿ ಹಾಕುತ್ತದೆ. ಮಾಸ್ತರರು, "ಮ್ಯಾಲೆ ಬಾ ತಮ್ಮಾ" ಎಂದರು. ಆತ ಕಟ್ಟೆಯತ್ತ ನೋಡಿದ. ಕಟ್ಟೆ ಮಾಸ್ತರರದಲ್ಲ. ಕೆಲವರು ನೆಲ ನೋಡಿದರು, ಒಬ್ಬರು ಎದ್ದು ಹೋದರು. ಆ ದಿನ ಓದು ನಡೆಯಲಿಲ್ಲ.

ಮನೆಗೆ ಬಂದು ಊಟ ಸೇರದೆ ಕುಳಿತಿದ್ದ ಮಾಸ್ತರರಿಗೆ ದಾರಿ ತೋರಿದವರು ಅವರ ಮನೆಯವರು. ಅವರು ಮೂರು ವರ್ಷವೂ ಕಟ್ಟೆಗೆ ಬಂದವರಲ್ಲ. ಆದರೆ ಹಿಂದಿನ ರಾತ್ರಿಯ ಅಭ್ಯಾಸದ ಓದನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಬಿಡದೆ ಕೇಳಿದವರು. "ಕಟ್ಟಿ ಬ್ಯಾರೇರದು, ಖರೆ. ಪಡಸಾಲಿ ನಮ್ಮದ ಐತೆಲ್ರಿ" ಎಂದರು. ಮರುದಿನ ರೋಣದ ಸಂತೆಯಿಂದ ಮೂರು ಡಜನ್ ಚಹಾ ಬಟ್ಟಲುಗಳು ಬಂದುವು, ಎಲ್ಲವೂ ಒಂದೇ ಬಣ್ಣದವು. ಯಾವ ಬಟ್ಟಲಿನಲ್ಲಿ ಯಾರು ಕುಡಿದರೆಂಬುದು ತೊಳೆದಿಟ್ಟ ಮೇಲೆ ಯಾರಿಗೂ ತಿಳಿಯಬಾರದೆಂಬುದು ಆ ತಾಯಿಯ ಲೆಕ್ಕ.

ಪಡಸಾಲೆಯಲ್ಲಿ ಓದು ಆರಂಭವಾದಾಗ ಇಪ್ಪತ್ತೈದು ಜನರಲ್ಲಿ ಬಂದವರು ಒಂಬತ್ತು ಮಂದಿ. ಬೇವಿನ ಮರದ ಕೆಳಗಿನವರಲ್ಲಿ ಇಬ್ಬರು ಹೊಸ್ತಿಲ ಹೊರಗೇ ನಿಂತು, ಮಕ್ಕಳಿಲ್ಲದ ಅಜ್ಜಿ ಕೈಸನ್ನೆ ಮಾಡಿ ಕರೆದ ಮೇಲೆ ಒಳಬಂದರು. ಪುಸ್ತಕದ ಮಾತುಗಳು ಕಹಿಯಾಗಿದ್ದುವು. ಶಾಸ್ತ್ರಗಳನ್ನು ಕುರಿತ ಭಾಗದಲ್ಲಿ ಮಾಸ್ತರರ ಗಂಟಲೇ ಕಟ್ಟಿತು. ಆದರೂ ನಿಯಮ ಮುರಿಯಲಿಲ್ಲ. 1936ರ ಜುಲೈಯಲ್ಲಿ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿ ಬರೆದ ಆಕ್ಷೇಪವನ್ನೂ, ಅದಕ್ಕೆ ಅಂಬೇಡ್ಕರರು ಕೊಟ್ಟ ಉತ್ತರವನ್ನೂ 1937ರ ಎರಡನೆಯ ಮುದ್ರಣದಲ್ಲಿ ಸೇರಿಸಿದ್ದಾರೆ, ಅವೆರಡನ್ನೂ ಓದಿದರು. ಇಬ್ಬರು ಹಿರಿಯರ ವಾದವನ್ನು ಒಂದೇ ನಾಲಗೆಯಿಂದ, ಯಾರ ಮಾತನ್ನೂ ಬಾಡಿಸದೆ ಓದುವುದೇ ಓದುಗನ ನ್ಯಾಯ.

ಎದ್ದುಹೋದವರೆಲ್ಲ ಮರಳಿ ಬಂದರೆಂದು ಬರೆದರೆ ಕಥೆ ಚೆನ್ನಾಗಿ ಮುಗಿದೀತು, ಹಾಗಾಗಲಿಲ್ಲ. ಕೆಲವರು ಇಂದಿಗೂ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ 'ಆರಾಮ ಅದೀರೇನ್ರಿ' ಎಂದು ಕೇಳಿ ಮುಂದೆ ಹೋಗುತ್ತಾರೆ. ಕೆಲವರು ಒಂದು ವರ್ಷ ಬಿಟ್ಟು ಬಂದರು. ಬಾರದವರ ಮಕ್ಕಳು ಮೊಬೈಲಿನಲ್ಲಿ ಕೇಳುತ್ತಾರೆಂದು ಮೊಮ್ಮಗ ಹೇಳುತ್ತಾನೆ. ಈಗ ಪಡಸಾಲೆ ತುಂಬಿ ಅಂಗಳಕ್ಕೆ ಚಾಪೆ ಹಾಸುವಷ್ಟು ಜನರಿದ್ದಾರೆ.

ಮಾಸ್ತರರ ಕಣ್ಣಿಗೆ ಪೊರೆ ಬಂದ ವರ್ಷ ಓದುವವರು ಯಾರೆಂಬ ಪ್ರಶ್ನೆ ಎದ್ದಿತು. ಬೇವಿನ ಮರದ ಕೆಳಗಿನಿಂದ ಪ್ರಶ್ನೆ ಕೇಳಿದ ತರುಣನೇ ಮುಂದೆ ಬಂದ. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರರು ಮಾಡಿದ ಭಾಷಣವನ್ನು ಅವನು ಓದಿದ. ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ, ಇಂಥ ವಿರೋಧಾಭಾಸದೊಳಕ್ಕೆ ದೇಶ ಕಾಲಿಡಲಿದೆಯೆಂದು ಎಚ್ಚರಿಸಿದ ಭಾಷಣವದು. ಆತ ಉದ್ದ ವಾಕ್ಯಗಳಲ್ಲಿ ಎರಡು ಕಡೆ ಎಡವಿದ. ಮಾಸ್ತರರು ತಿದ್ದಲಿಲ್ಲ, ಮರುದಿನ ಪೆನ್ಸಿಲನ್ನು ಕೊಟ್ಟು ಗೀಟು ಎಳೆಯುವುದನ್ನು ತೋರಿಸಿದರು. ಈಗ ಇಬ್ಬರೂ ಸರದಿಯಂತೆ ಓದುತ್ತಾರೆ. ಮುಂದಿನ ಸುಗ್ಗಿಗೆ ವಚನಗಳಿಗೆ ಹೋಗೋಣವೆಂದು ಕೇಳುವವರೇ ಹೇಳಿದ್ದಾರೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಬಸವಣ್ಣನವರ ಕೂಡಲಸಂಗಮವೂ ಇದೇ ಮಲಪ್ರಭೆ ಕೃಷ್ಣೆಯನ್ನು ಕೂಡುವ ಜಾಗವಲ್ಲವೆ? 'ನಮ್ಮ ನೀರ ಕುಡದವರು' ಎಂದು ಹೇಳಲು ಆ ಮುದುಕರಿಗೆ ಮತ್ತೊಂದು ಅವಕಾಶ.

ನಗರದ ಮನೆಗಳಲ್ಲಿ ಇಂಥ ಪಡಸಾಲೆಗಳಿಲ್ಲ, ಬೇಸಗೆಯ ಖಾಲಿ ಸಂಜೆಗಳೂ ಇಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ ನಾಲ್ಕೈದು ಮಂದಿ ಒಂದು ಕಡೆ ಕೂಡುವುದು ಇನ್ನೂ ಉಳಿದಿದೆ. ಕಪಾಟಿನಲ್ಲಿ ಧೂಳು ಹಿಡಿದ ಪುಸ್ತಕವೊಂದನ್ನು ತೆಗೆದು, ಮೂರೇ ಪುಟ, ಹತ್ತೇ ನಿಮಿಷ, ಯಾರಾದರೊಬ್ಬರು ಓದಬಹುದು. ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಗದರಿಸದಿದ್ದರೆ ಸಾಕು. ಉತ್ತರ ಗೊತ್ತಿಲ್ಲದ ದಿನ ಮೆಣಸಗಿಯ ಮಾಸ್ತರರಂತೆ ಪುಸ್ತಕ ಮುಚ್ಚಿ, ಮರುದಿನ ಮತ್ತೆ ತೆರೆದರಾಯಿತು.